ಮೂವತ್ತನೇ ದಿನ ಗೇಟು ತೆರೆಯುವ ಮುನ್ನ: ವ್ಯಸನಮುಕ್ತಿ ಕೇಂದ್ರಗಳ ನಿಯಮ ಬರೆಯುವವರಿಗೆ ಬಹಿರಂಗ ಪತ್ರ

ಮಾನ್ಯರೇ,

ಹೆರಾಯಿನ್, ಟ್ಯಾಪೆಂಟಡಾಲ್, ಟ್ರಮಡಾಲ್‌ನಂಥ ಒಪಿಯಾಯ್ಡ್‌ಗಳಿಗೆ (ಅಫೀಮಿನ ಬಗೆಯ ಮಾದಕ ಮತ್ತು ನೋವುಶಮನದ ಮದ್ದುಗಳಿಗೆ) ಸಿಕ್ಕಿಬಿದ್ದವರನ್ನು ಮೂವತ್ತು ದಿನವೋ ತೊಂಬತ್ತು ದಿನವೋ ಒಳಗಿಟ್ಟು, ಮೂತ್ರ ಪರೀಕ್ಷೆ 'ನೆಗೆಟಿವ್' ಬಂದಮೇಲೆ ಡಿಸ್ಚಾರ್ಜ್ ಚೀಟಿ ಕೊಟ್ಟು ಕಳಿಸುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ಹೊರಗೆ ಹೋದವರು ಕೆಲವೇ ವಾರಗಳಲ್ಲಿ ಮತ್ತೆ ಶುರುಮಾಡಿದರೆ ತಪ್ಪೆಲ್ಲ ಅವರದೇ: ಮನಸ್ಸು ಗಟ್ಟಿಯಿರಲಿಲ್ಲ, ಸಹವಾಸ ಕೆಟ್ಟದ್ದು, ಮನೆಯವರ ಮಾತು ಕೇಳಲಿಲ್ಲ. ಕೇಂದ್ರದ ದಾಖಲೆಯಲ್ಲಿ ಮಾತ್ರ ಆ ಮನುಷ್ಯ 'ಗುಣಮುಖ'.

ಈ ಪತ್ರ ಆ ದಾಖಲೆಯ ಬಗ್ಗೆ. ಒಪಿಯಾಯ್ಡ್ ಬಿಟ್ಟ ಮಿದುಳಿನಲ್ಲಿ ದಿನದಿನಕ್ಕೆ ಏನಾಗುತ್ತದೆ ಎಂಬುದನ್ನು ನಾಲ್ಕು ದಶಕಗಳಿಂದ ಇಲಿಗಳಲ್ಲಿ ಎಳೆಎಳೆಯಾಗಿ ಬಿಡಿಸಿ ನೋಡಲಾಗಿದೆ. ಆ ಕೆಲಸ ಹೇಳುವುದನ್ನು ಒಪ್ಪಿದರೆ, ಮೂವತ್ತನೇ ದಿನ ಗೇಟು ದಾಟುವವನು ಒಳಗೆ ಬಂದ ದಿನಕ್ಕಿಂತ ಹೆಚ್ಚು ಅಪಾಯದಲ್ಲಿರುತ್ತಾನೆ. ನಿಯಮಗಳು ಇದನ್ನು ತಿಳಿದು ಬರೆದಂತಿರಬೇಕು ಎಂಬುದಷ್ಟೇ ನಮ್ಮ ಕೋರಿಕೆ.

ಮೊದಲು ಪ್ರಯೋಗ ಹೇಗೆ ನಡೆಯುತ್ತದೆ ಎಂದು ಹೇಳಬೇಕು. 'ಇಲಿಗೂ ಮನುಷ್ಯನಿಗೂ ಎತ್ತಣಿಂದೆತ್ತ' ಎಂಬ ಪ್ರಶ್ನೆ ಬಂದೇ ಬರುತ್ತದೆ.

ಇಲಿ ತಾನಾಗಿಯೇ ಮಾರ್ಫಿನ್ ಚುಚ್ಚಿಕೊಳ್ಳುವಂತೆ ಮಾಡಬಹುದೆಂದು ಜೇಮ್ಸ್ ವೀಕ್ಸ್ ತೋರಿಸಿದ್ದು 1962ರಲ್ಲಿ, ಅಮೆರಿಕದ ಒಂದು ಔಷಧ ಕಂಪನಿಯ ಪ್ರಯೋಗಾಲಯದಲ್ಲಿ. ಇಂದಿಗೂ ವಿಧಾನ ಹೆಚ್ಚುಕಡಿಮೆ ಅದೇ. ಕುತ್ತಿಗೆಯ ಜುಗುಲರ್ ರಕ್ತನಾಳಕ್ಕೆ ತೆಳ್ಳಗಿನ ಸಿಲಿಕೋನ್ ಕೊಳವೆ ಕೂರಿಸಿ, ಚರ್ಮದಡಿ ಹಾಯಿಸಿ, ಎರಡು ಹೆಗಲೆಲುಬುಗಳ ನಡುವೆ ಹೊರತರುತ್ತಾರೆ. ಪೆಟ್ಟಿಗೆಯಲ್ಲಿ ಎರಡು ಲಿವರ್. ಒಂದನ್ನು ಒತ್ತಿದರೆ ಪಂಪು ತಿರುಗಿ, ದೇಹತೂಕದ ಪ್ರತಿ ಕಿಲೋಗೆ ಸಾಮಾನ್ಯವಾಗಿ 0.03ರಿಂದ 0.1 ಮಿಲಿಗ್ರಾಂ ಹೆರಾಯಿನ್ ರಕ್ತಕ್ಕೆ ಸೇರುತ್ತದೆ. ಅದೇ ಹೊತ್ತಿಗೆ ಲಿವರ್ ಮೇಲಿನ ದೀಪ ಉರಿಯುತ್ತದೆ, ಒಂದು ಸದ್ದು ಕೇಳಿಸುತ್ತದೆ. ಮುಂದಿನ 20 ಸೆಕೆಂಡು ಒತ್ತಿದರೂ ಏನೂ ಸಿಗದು. ಎರಡನೇ ಲಿವರ್ ಒತ್ತಿದರೆ ಎಂದೂ ಏನೂ ಆಗುವುದಿಲ್ಲ. ಇಲಿ ಸುಮ್ಮನೆ ಚಡಪಡಿಸುತ್ತಿದೆಯೋ, ಮಾಲು ಹುಡುಕುತ್ತಿದೆಯೋ ಎಂಬುದನ್ನು ಬೇರ್ಪಡಿಸಲು ಅದು ಇರುವುದು. ದಿನಕ್ಕೆ ಮೂರರಿಂದ ಆರು ಗಂಟೆಯಂತೆ ಹತ್ತು ಹದಿನಾಲ್ಕು ದಿನ ಹೀಗೆ ನಡೆದಮೇಲೆ ಹೆರಾಯಿನ್ ನಿಲ್ಲಿಸುತ್ತಾರೆ. ಆಮೇಲೆ ಎಷ್ಟು ಸಲ ಆ ಲಿವರ್ ಒತ್ತುತ್ತದೆ ಎಂಬುದೇ ಹಂಬಲದ ಅಳತೆ. ಒತ್ತಿದರೆ ಏನೂ ಸಿಗುವುದಿಲ್ಲವಾದ್ದರಿಂದ ಆ ಒತ್ತುವಿಕೆ ನಶೆಯಿಂದ ಬಂದದ್ದಾಗಿರದೆ ಬರೀ ಹುಡುಕಾಟವಾಗಿರುತ್ತದೆ.

ಈ ಪ್ರಯೋಗ ಕೆಡುವ ರೀತಿಯೂ ಪಾಠ ಹೇಳುತ್ತದೆ. ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಿರಲು ದಿನವೂ ಹೆಪಾರಿನ್ ಬೆರೆಸಿದ ಸಲೈನ್ ಹಾಯಿಸಬೇಕು. ಅದು ತಪ್ಪಿದರೆ ಕೊಳವೆ ಕಟ್ಟಿಕೊಂಡು ಹೆರಾಯಿನ್ ಒಳಗೆ ಹೋಗುವುದಿಲ್ಲ, ಇಲಿ ಒತ್ತುವುದನ್ನು ಕಡಿಮೆ ಮಾಡುತ್ತದೆ. ಗೊತ್ತಿಲ್ಲದವರು ಚಟ ಬಿಟ್ಟಿತು ಎಂದು ಬರೆದುಕೊಂಡಾರು. ಆದ್ದರಿಂದಲೇ ಬೇಗ ಹತ್ತಿ ಬೇಗ ಇಳಿಯುವ ಅರಿವಳಿಕೆಯ ಒಂದು ಹನಿ ಬಿಟ್ಟು, ಕೆಲವೇ ಸೆಕೆಂಡಿನಲ್ಲಿ ಇಲಿ ಮೆತ್ತಗಾಗದಿದ್ದರೆ ಅದರ ಅಂಕಿಗಳನ್ನೆಲ್ಲ ಕೈಬಿಡುತ್ತಾರೆ. ಬೀಗ ಹಾಕಿದ ವಾರ್ಡಿನಲ್ಲಿ ಮಾಲು ಸಿಗದೆ ಕುಳಿತವನನ್ನು 'ಬಿಟ್ಟವನು' ಎಂದು ಬರೆಯುವಾಗ ನಮ್ಮ ಕೇಂದ್ರಗಳು ಕೊಳವೆ ಕಟ್ಟಿದ ಇಲಿಯ ಅಂಕಿಯನ್ನೇ ಬರೆಯುತ್ತಿವೆ.

ಈಗ ದಿನಗಳ ಲೆಕ್ಕಕ್ಕೆ ಬರೋಣ. 2001ರಲ್ಲಿ ಬಾಲ್ಟಿಮೋರ್‌ನ ರಾಷ್ಟ್ರೀಯ ಮಾದಕ ವ್ಯಸನ ಸಂಸ್ಥೆಯಲ್ಲಿ ಉರಿ ಶಲೇವ್, ಯಾವಿನ್ ಶಹಾಮ್ ಮತ್ತು ಜೊತೆಗಾರರು ಹೆರಾಯಿನ್ ನಿಲ್ಲಿಸಿದ ಇಲಿಗಳನ್ನು 1, 6, 12, 25 ಮತ್ತು 66ನೇ ದಿನ ಮತ್ತೆ ಪೆಟ್ಟಿಗೆಗೆ ಬಿಟ್ಟರು. ಒಂದು ಗುಂಪಿಗೆ ಒಂದೇ ದಿನ. ನಿಲ್ಲಿಸಿದ ಮರುದಿನ ಮೈಯೆಲ್ಲ ವಿಥ್‌ಡ್ರಾಯಲ್‌ನ (ನಶೆ ನಿಂತಾಗ ಮೈ ಪಡುವ ಸಂಕಟದ) ಬಾಧೆ ಇರುವಾಗ ಹುಡುಕಾಟ ಜಾಸ್ತಿ ಇರಬೇಕಿತ್ತಲ್ಲವೇ? ಆದದ್ದೇ ಬೇರೆ. 6, 12, 25ನೇ ದಿನದ ಇಲಿಗಳು ಮೊದಲ ದಿನದವಕ್ಕಿಂತ ಹೆಚ್ಚು ಒತ್ತಿದವು. ಕಾಲಿಗೆ ಸಣ್ಣ ವಿದ್ಯುತ್ ಆಘಾತ ಕೊಟ್ಟು ಕೆಣಕಿದಾಗಲೂ ಹಾಗೇ: ಮೊದಲ ದಿನ ಅದು ಹುಡುಕಾಟವನ್ನು ಎಬ್ಬಿಸಲಿಲ್ಲ, ಒಂದೆರಡು ವಾರ ಕಳೆದಮೇಲೆ ಜೋರಾಗಿ ಎಬ್ಬಿಸಿತು. 66ನೇ ದಿನದ ಹೊತ್ತಿಗೆ ಒತ್ತುವುದು ಇಳಿದಿತ್ತು. ಕೊಕೇನ್‌ನಲ್ಲಿಯೂ ಅದೇ ವರ್ಷ ಅದೇ ಪ್ರಯೋಗಾಲಯ ಇಂಥ ಏರಿಕೆಯನ್ನು ಕಂಡು, ಹಂಬಲ 'ಕಾವು ಪಡೆಯುತ್ತದೆ' ಎಂಬ ಮಾತು ಬಳಕೆಗೆ ತಂದಿತು. ಕೋಳಿ ಮೊಟ್ಟೆಗೆ ಕೂತಂತೆ.

ಇಲಿಯ ದಿನವನ್ನು ಮನುಷ್ಯನ ದಿನಕ್ಕೆ ಇಷ್ಟಕ್ಕಿಷ್ಟು ಎಂದು ಪರಿವರ್ತಿಸುವ ಕೋಷ್ಟಕವಿಲ್ಲ. ಇದ್ದಿದ್ದರೆ ಕೇಂದ್ರಗಳು 66 ದಿನದ ಪ್ಯಾಕೇಜ್ ಮಾಡಿಬಿಡುತ್ತಿದ್ದವು. ಏರಿಕೆಯ ಆಕಾರ ಮಾತ್ರ ನಮಗೆ ಬೇಕಾದ್ದು. ಮೈಯ ಬಾಧೆ ಇಳಿಯುವ ಗೆರೆ ಒಂದು, ಹಂಬಲ ಏರುವ ಗೆರೆ ಇನ್ನೊಂದು. ಹೆರಾಯಿನ್‌ನ ವಿಥ್‌ಡ್ರಾಯಲ್ ಮನುಷ್ಯರಲ್ಲಿ 6ರಿಂದ 12 ಗಂಟೆಯೊಳಗೆ ಶುರುವಾಗಿ, ಎರಡು ಮೂರನೇ ದಿನ ತುದಿ ಮುಟ್ಟಿ, ವಾರ ಹತ್ತು ದಿನದಲ್ಲಿ ತಣಿಯುತ್ತದೆ. ವಾರ್ಡಿನಲ್ಲಿ ಕಣ್ಣಿಗೆ ಕಾಣುವುದು ಈ ಮೊದಲ ಗೆರೆ. ರೋಗಿ ಊಟ ಮಾಡುತ್ತಾನೆ, ನಗುತ್ತಾನೆ, ಬೆಳಗಿನ ಪ್ರಾರ್ಥನೆಗೆ ಬರುತ್ತಾನೆ. ಬೂದಿ ಮುಚ್ಚಿದ ಕೆಂಡ ಅಂದರೆ ಇದೇ.

ಕೆಂಡದ ಕೆಳಗಿನ ರಸಾಯನ ಏನು? ಮಿದುಳಿನ ನಡುಭಾಗದಲ್ಲಿ ಹಿತ, ಬಯಕೆಗಳಿಗೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕ ಸುರಿಸುವ ನರಕೋಶಗಳ ಒಂದು ಗುಂಪಿದೆ. ಅವುಗಳ ಪಕ್ಕದಲ್ಲೇ ಗಾಬಾ ಎಂಬ ರಾಸಾಯನಿಕದಿಂದ ಅವಕ್ಕೆ ಕಡಿವಾಣ ಹಾಕುವ ಕೋಶಗಳಿವೆ. ಒಪಿಯಾಯ್ಡ್ ಹೋಗಿ ಕೂರುವ ಮ್ಯೂ ಗ್ರಾಹಕ ಇರುವುದು ಕಡಿವಾಣದ ಕೋಶಗಳ ಮೇಲೆ. ಅವು ತೂಕಡಿಸಿದಾಗ ಡೋಪಮೈನ್ ಕೋಶಗಳು ಬಿಟ್ಟ ಕುದುರೆಯಾಗುತ್ತವೆ. ಜಾನ್ಸನ್ ಮತ್ತು ನಾರ್ತ್ 1992ರಲ್ಲಿ ಇಲಿಯ ಮಿದುಳಿನ ಚೂರುಗಳಲ್ಲಿ ಇದನ್ನು ತೋರಿಸಿದರು. ಅಷ್ಟಕ್ಕೆ ನಿಲ್ಲಿಸಿ 'ಎಲ್ಲವೂ ಡೋಪಮೈನ್' ಎಂದು ಪೋಸ್ಟರ್ ಅಂಟಿಸುವವರಿದ್ದಾರೆ. 1982ರಲ್ಲೇ ಎಟೆನ್‌ಬರ್ಗ್ ಮತ್ತು ಸಂಗಡಿಗರು ಡೋಪಮೈನ್ ತಡೆಯುವ ಔಷಧ ಕೊಟ್ಟಾಗ ಇಲಿಗಳ ಕೊಕೇನ್ ಸೇವನೆ ಬದಲಾಯಿತು, ಹೆರಾಯಿನ್ ಸೇವನೆ ಬದಲಾಗಲಿಲ್ಲ. ಒಪಿಯಾಯ್ಡ್ ವ್ಯಸನವನ್ನು ಉಳಿದ ಚಟಗಳ ಜೊತೆ ಒಂದೇ ಗೋಣಿಗೆ ತುಂಬಬಾರದು ಎನ್ನುವುದಕ್ಕೆ ಇದೊಂದು ಕಾರಣ. ಕುಡಿತಕ್ಕೂ ಗಾಂಜಾಕ್ಕೂ ಹೆರಾಯಿನ್‌ಗೂ ಒಂದೇ ಕಾರ್ಯಕ್ರಮ ಎಂದು ಬೋರ್ಡು ಹಾಕುವ ಕೇಂದ್ರಗಳ ಬಗ್ಗೆ ನಿಮ್ಮ ತಪಾಸಕರು ಮೊದಲು ಅನುಮಾನಪಡಬೇಕು.

ಮರುಕಳಿಕೆಯ ಹೊತ್ತಿಗೆ ಮುಂದೆ ಬರುವುದು ನರಕೋಶಗಳನ್ನು ಎಬ್ಬಿಸುವ ಗ್ಲುಟಮೇಟ್ ಎಂಬ ರಾಸಾಯನಿಕ. ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸ್‌ನಿಂದ ನ್ಯೂಕ್ಲಿಯಸ್ ಅಕಂಬೆನ್ಸ್ ಎಂಬ ಒಳಗಂಟಿಗೆ ಇಳಿಯುವ ದಾರಿಯ ಸಂದೇಶ ಇದು. ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿ ಪೀಟರ್ ಕಲೀವಾಸ್ ಅವರ ತಂಡ 2008ರಲ್ಲಿ, ಇಲಿ ಹೆರಾಯಿನ್ ಹುಡುಕುತ್ತಿರುವಾಗಲೇ ಆ ಗಂಟಿನ ನಡುಭಾಗದಿಂದ ದ್ರವ ತೆಗೆದು ಗ್ಲುಟಮೇಟ್ ಅಳೆಯಿತು. ದೀಪ ಮತ್ತು ಸದ್ದಿನೊಂದಿಗೆ ಗ್ಲುಟಮೇಟ್ ಏರಿತು. ಅಲ್ಲಿಯ ಗ್ರಾಹಕಕ್ಕೆ ತಡೆಯೊಡ್ಡಿದರೆ, ಇಲ್ಲವೇ ಮೇಲಿನ ಕಾರ್ಟೆಕ್ಸನ್ನು ತಾತ್ಕಾಲಿಕವಾಗಿ ಮಲಗಿಸಿದರೆ ಹುಡುಕಾಟ ನಿಂತಿತು. ಆರು ವರ್ಷಗಳ ನಂತರ ಅದೇ ಪ್ರಯೋಗಾಲಯ ಕಾರಣದ ಇನ್ನೊಂದು ತುದಿ ಹಿಡಿಯಿತು. ಚೆಲ್ಲಿದ ಗ್ಲುಟಮೇಟ್ ಬಳಿದು ಒಳಗೆಳೆದುಕೊಳ್ಳುವ ಜಿಎಲ್‌ಟಿ-1 ಎಂಬ ಪ್ರೋಟೀನ್ ನರಕೋಶಗಳ ಸುತ್ತಲಿನ ಪೋಷಕ ಕೋಶಗಳ ಮೇಲಿರುತ್ತದೆ. ಹೆರಾಯಿನ್ ಅನುಭವಿಸಿದ ಇಲಿಗಳಲ್ಲಿ ಅದು ಕುಗ್ಗಿತ್ತು. ಚರಂಡಿ ಕಟ್ಟಿದ ಬೀದಿಯಲ್ಲಿ ಸಣ್ಣ ಮಳೆಗೂ ಮನೆಯೊಳಗೆ ನೀರು ಬರುವಂತೆ, ದೀಪದ ಸಣ್ಣ ಸುಳಿವಿಗೂ ಗ್ಲುಟಮೇಟ್ ಉಕ್ಕಿ ಪಕ್ಕದ ಸಂಧಿಗಳಿಗೆ ಹರಿಯುತ್ತದೆ. ಮನಸ್ಸು ಗಟ್ಟಿ ಮಾಡು ಎಂದು ನಾವು ಹೇಳುವುದು ಈ ಚರಂಡಿಗೆ.

ಇಲ್ಲೊಂದು ಎಚ್ಚರಿಕೆ ಕೊಡಲೇಬೇಕು. ಆಂಟಿಬಯೋಟಿಕ್ ಆದ ಸೆಫ್ಟ್ರಿಯಾಕ್ಸೋನ್ ಇಲಿಗಳಲ್ಲಿ ಜಿಎಲ್‌ಟಿ-1 ಅನ್ನು ಮೇಲೆತ್ತಿ ಹುಡುಕಾಟ ಇಳಿಸಿತು. ಕೆಮ್ಮು ಕಫಕ್ಕೆ ಕೊಡುವ ಎನ್-ಅಸಿಟೈಲ್‌ಸಿಸ್ಟೈನ್ ಅನ್ನು ಕಿಲೋಗೆ 100 ಮಿಲಿಗ್ರಾಂನಂತೆ ದಿನವೂ ಕೊಟ್ಟಾಗ, ಕೊಡುವುದು ನಿಲ್ಲಿಸಿದ ಮೇಲೂ ವಾರಗಟ್ಟಲೆ ಹೆರಾಯಿನ್ ಹುಡುಕಾಟ ಕಡಿಮೆಯಿತ್ತು. ಎರಡೂ ನಮ್ಮ ಯಾವುದೇ ಮೆಡಿಕಲ್ ಶಾಪಿನಲ್ಲಿ ಸಿಗುತ್ತವೆ. ಒಪಿಯಾಯ್ಡ್ ವ್ಯಸನಕ್ಕೆ ಎರಡೂ ಅನುಮೋದಿತ ಚಿಕಿತ್ಸೆಯಲ್ಲ. ಆಂಟಿಬಯೋಟಿಕ್ಕನ್ನು ತಿಂಗಳುಗಟ್ಟಲೆ ಚುಚ್ಚಿದರೆ ಬೆಳೆಯುವುದು ಅದಕ್ಕೆ ಬಗ್ಗದ ರೋಗಾಣು. ಯಾವುದೇ ಕೇಂದ್ರ 'ಮಿದುಳು ರಿಪೇರಿ ಡ್ರಿಪ್' ಎಂದು ಇವುಗಳಿಗೆ ಬಿಲ್ಲು ಹಾಕಿದರೆ ಅದನ್ನು ವಂಚನೆ ಎಂದೇ ಪರಿಗಣಿಸಿ.

ಹುಡುಕಾಟವನ್ನು ಮತ್ತೆ ಹೊತ್ತಿಸುವ ಕಿಡಿಗಳು ಯಾವುವು ಎನ್ನುವುದರಲ್ಲಿ ನಿಯಮ ಬರೆಯುವವರಿಗೆ ಹೆಚ್ಚು ಕೆಲಸವಿದೆ.

ಮೊದಲನೆಯದು ಜಾಗ. ಇಲಿಗೆ 'ಅ' ಎಂಬ ಪೆಟ್ಟಿಗೆಯಲ್ಲಿ ಹೆರಾಯಿನ್ ರೂಢಿ ಮಾಡಿಸುತ್ತಾರೆ. ವಾಸನೆ, ನೆಲ, ಗೋಡೆ ಎಲ್ಲ ಬೇರೆ ಇರುವ 'ಬ' ಪೆಟ್ಟಿಗೆಯಲ್ಲಿ, ಒತ್ತಿ ಒತ್ತಿ ಏನೂ ಸಿಗದೆ ಅದು ಒತ್ತುವುದನ್ನೇ ನಿಲ್ಲಿಸುವವರೆಗೆ ಬಿಡುತ್ತಾರೆ. ಪೂರ್ತಿ ನಿಲ್ಲಿಸಿದ ಇಲಿಯನ್ನು ಮರಳಿ 'ಅ'ಗೆ ಹಾಕಿದರೆ ಮತ್ತೆ ಒತ್ತಲು ತೊಡಗುತ್ತದೆ, ಒಂದು ತೊಟ್ಟು ಹೆರಾಯಿನ್ ಇಲ್ಲದೆಯೂ. 'ಬ'ದಲ್ಲಿ ಕಲಿತದ್ದು 'ಬ'ದಲ್ಲೇ ಉಳಿಯಿತು. ಜೆನಿಫರ್ ಬಾಸರ್ಟ್ ಮತ್ತು ಶಹಾಮ್ ಅವರ ತಂಡ 2011ರಲ್ಲಿ ಇದರ ಬೇರನ್ನು ಪ್ರಿಫ್ರಂಟಲ್ ಕಾರ್ಟೆಕ್ಸ್‌ನ ಕೆಳಭಾಗದ ಕೆಲವೇ ನರಕೋಶಗಳಿಗೆ ಇಳಿಸಿ ತೋರಿಸಿತು. 'ಅ' ಪೆಟ್ಟಿಗೆ ಕಂಡಾಗ ಎಚ್ಚರಗೊಂಡ ಕೋಶಗಳನ್ನಷ್ಟೇ ಆರಿಸಿ ಸುಮ್ಮನಾಗಿಸುವ ತಂತ್ರ ಬಳಸಿದಾಗ ಇಲಿಗಳ ಹುಡುಕಾಟ ಇಳಿಯಿತು. ಸುತ್ತಲಿನ ಬಹುಪಾಲು ಕೋಶಗಳನ್ನು ಯಾರೂ ಮುಟ್ಟಿರಲಿಲ್ಲ.

ಊರಾಚೆ ತೋಟದ ನಡುವಿನ ಕೇಂದ್ರ 'ಬ' ಪೆಟ್ಟಿಗೆ. ಬಸ್ ಸ್ಟ್ಯಾಂಡ್ ಹಿಂದಿನ ಓಣಿ, ಗೆಳೆಯನ ರೂಮು, ಸಿರಿಂಜ್ ಕೊಂಡ ಅಂಗಡಿ, ಸಂಬಳದ ದಿನ ಫೋನಿಗೆ ಬರುವ ಮೆಸೇಜ್ ಇವೆಲ್ಲ 'ಅ'. ಬಸ್ ಹತ್ತಿಸಿ ಕಳಿಸುವುದೆಂದರೆ 'ಅ'ಗೆ ಮರಳಿಸುವುದೇ. ಆದ್ದರಿಂದ ಒಳಗಿನ ಮೂವತ್ತು ದಿನದ ಖರ್ಚಿನಲ್ಲಿ ಒಂದು ಭಾಗವನ್ನು ಹೊರಗಿನ ಮೊದಲ ಎಂಟು ವಾರಕ್ಕೆ ಎತ್ತಿಡುವುದನ್ನು ನಿಯಮವೇ ಕಡ್ಡಾಯ ಮಾಡಬೇಕು. ಡಿಸ್ಚಾರ್ಜ್ ಆದ ಮೂರನೇ ದಿನದೊಳಗೆ ಮೊದಲ ಭೇಟಿ, ಬಳಿಕ ವಾರವಾರ, ಅದೂ ಅವರ ಊರಿಗೆ ಹತ್ತಿರದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಒಳಗೊಳ್ಳುತ್ತದೆ. ಅದರ 98ನೇ ಸೆಕ್ಷನ್ ಡಿಸ್ಚಾರ್ಜ್ ಯೋಜನೆಯ ಬಗ್ಗೆಯೇ ಇದೆ. ಹೊಸ ಕಾನೂನು ಬೇಕಿಲ್ಲ, ಆ ಯೋಜನೆಯ ಪ್ರತಿ ಫೈಲಿನಲ್ಲಿ ಇದೆಯೇ ಎಂದು ನೋಡುವ ತಪಾಸಕ ಬೇಕು.

ಎರಡನೆಯದು ಒತ್ತಡ. ಶಹಾಮ್ ಮತ್ತು ಜೇನ್ ಸ್ಟೂವರ್ಟ್ 1995ರಲ್ಲಿ ಮಾಂಟ್ರಿಯಲ್‌ನಲ್ಲಿ, ಹೆರಾಯಿನ್ ಬಿಟ್ಟ ಇಲಿಗಳ ಕಾಲಿಗೆ ಹತ್ತು ಹದಿನೈದು ನಿಮಿಷ ಬಿಟ್ಟುಬಿಟ್ಟು ಸಣ್ಣ ಆಘಾತ ಕೊಟ್ಟರು. ಒಂದು ಡೋಸ್ ಹೆರಾಯಿನ್ ಕೊಟ್ಟು ಕೆಣಕಿದಾಗ ಹೇಗೋ ಹಾಗೆಯೇ ಇಲಿಗಳು ಲಿವರ್‌ಗೆ ಮರಳಿದವು. ಇದರ ರಾಸಾಯನಿಕ ದಾರಿ ಬೇರೆ: ಭಯ, ಆತಂಕ ನಿಭಾಯಿಸುವ ಮಿದುಳಿನ ಭಾಗವಾದ ಅಮಿಗ್ಡಲಾ ಮತ್ತು ಅದರ ನೆರೆಯಲ್ಲಿ ಸಿಆರ್‌ಎಫ್ ಎಂಬ ಒತ್ತಡದ ಪೆಪ್ಟೈಡ್, ಜೊತೆಗೆ ಮಿದುಳುಕಾಂಡದಿಂದ ಮೇಲೇರುವ ನಾರ್‌ಅಡ್ರಿನಲಿನ್. ರಕ್ತದೊತ್ತಡಕ್ಕೆ ಕೊಡುವ ಹಳೆಯ ಮಾತ್ರೆ ಕ್ಲೋನಿಡಿನ್ ಈ ನಾರ್‌ಅಡ್ರಿನಲಿನ್ ಸುರಿತವನ್ನು ಕಡಿಮೆ ಮಾಡುತ್ತದೆ. ಇಲಿಗಳಲ್ಲಿ ಅದು ಆಘಾತದಿಂದ ಬರುವ ಮರುಕಳಿಕೆಯನ್ನು ತಡೆಯಿತು. ಇಲಿಯಿಂದ ಮನುಷ್ಯನಿಗೆ ದಾಟಿದ ಅಪರೂಪದ ಫಲ ಇದು. 2015ರಲ್ಲಿ ಬಾಲ್ಟಿಮೋರ್‌ನಲ್ಲೇ, ಒಪಿಯಾಯ್ಡ್ ವ್ಯಸನಕ್ಕೆ ಕೊಡುವ ಔಷಧ ಬುಪ್ರಿನಾರ್ಫಿನ್ ಪಡೆಯುತ್ತಿದ್ದ 118 ಮಂದಿಯಲ್ಲಿ ಕೆಲವರಿಗೆ ದಿನಕ್ಕೆ 0.3 ಮಿಲಿಗ್ರಾಂವರೆಗೆ ಕ್ಲೋನಿಡಿನ್ ಸೇರಿಸಿದರು. ಒಪಿಯಾಯ್ಡ್ ಮುಟ್ಟದೆ ಸತತವಾಗಿ ಉಳಿದ ಅತಿ ಉದ್ದದ ಅವಧಿ ಅವರಲ್ಲಿ ಸರಾಸರಿ 34.8 ದಿನ, ಕ್ಲೋನಿಡಿನ್ ಬದಲು ಹುಸಿ ಮಾತ್ರೆ ಪಡೆದವರಲ್ಲಿ 25.5 ದಿನ. ದೊಡ್ಡ ಪವಾಡವೇನಲ್ಲ. ರಕ್ತದೊತ್ತಡ ಇಳಿಸುವ ಮಾತ್ರೆಯಾದ್ದರಿಂದ ಕೊಡುವ ಮೊದಲು ಬಿಪಿ ನೋಡಬೇಕು. ಎದ್ದು ನಿಂತಾಗ ತಲೆ ಸುತ್ತುವವರಿಗೆ ಡೋಸ್ ಇಳಿಸಬೇಕು. ನಿಲ್ಲಿಸುವಾಗ ಹಠಾತ್ತಾಗಿ ನಿಲ್ಲಿಸಿದರೆ ಬಿಪಿ ಪುಟಿದೇಳುತ್ತದೆ. ಇದೇ ಜಾತಿಯ ಲೋಫೆಕ್ಸಿಡಿನ್‌ಗೆ ವಿಥ್‌ಡ್ರಾಯಲ್ ಶಮನಕ್ಕೆಂದು ಅಮೆರಿಕ 2018ರಲ್ಲಿ ಒಪ್ಪಿಗೆ ಕೊಟ್ಟಿತು. ಸಿಆರ್‌ಎಫ್ ತಡೆಯುವ ಔಷಧಗಳ ಕಥೆ ಇದಕ್ಕೆ ವಿರುದ್ಧ. ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿದ ಅವು, ಮದ್ಯವ್ಯಸನಿಗಳ ಮೇಲಿನ ಪ್ರಯೋಗಗಳಲ್ಲಿ ಹಂಬಲ ಇಳಿಸಲಿಲ್ಲ.

ಒತ್ತಡವೇ ಕಿಡಿಯಾದರೆ, ಹೊಡೆದು, ಕಟ್ಟಿಹಾಕಿ, ಎಲ್ಲರೆದುರು ಅವಮಾನಿಸಿ 'ಬುದ್ಧಿ ಕಲಿಸುವ' ಕೇಂದ್ರ ಮಾಡುತ್ತಿರುವುದೇನು? ಸರಪಳಿ ಹಾಕುವುದನ್ನು ಕಾಯ್ದೆಯ 95ನೇ ಸೆಕ್ಷನ್ ನಿಷೇಧಿಸಿದೆ. ಮಾನವೀಯತೆಯ ಮಾತು ಒತ್ತಟ್ಟಿಗಿರಲಿ. ಆಘಾತ ಕೊಟ್ಟರೆ ಮರುಕಳಿಸುತ್ತದೆ ಎಂದು ಪ್ರಯೋಗಾಲಯದಲ್ಲಿ ಮೂವತ್ತು ವರ್ಷಗಳಿಂದ ಗೊತ್ತಿರುವುದನ್ನು ಚಿಕಿತ್ಸೆ ಎಂದು ಕರೆದು ಹಣ ಪಡೆಯುವಂತಿಲ್ಲ.

ಮೂರನೆಯದು ಹಸಿವು. ಇದರ ಬಗ್ಗೆ ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ. ಒಂದು ದಿನ ಊಟ ತಪ್ಪಿಸಿದರೆ ಸಾಕು, ಹೆರಾಯಿನ್ ಒತ್ತುವುದನ್ನು ಬಿಟ್ಟಿದ್ದ ಇಲಿ ಮತ್ತೆ ಒತ್ತುತ್ತದೆ ಎಂದು ಶಲೇವ್ 2000ದಲ್ಲಿ ತೋರಿಸಿದರು. ಹೊಟ್ಟೆ ತುಂಬಿದೆ ಎಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಹಾರ್ಮೋನನ್ನು ಮಿದುಳಿಗೇ ಕೊಟ್ಟಾಗ ಆ ಒತ್ತುವಿಕೆ ತಗ್ಗಿತು. ಮುಂದೆ ಮಾಂಟ್ರಿಯಲ್‌ನ ಅವರ ಪ್ರಯೋಗಾಲಯ, ಬಿಟ್ಟಿರುವ ಅವಧಿಯಲ್ಲಿ ಎರಡು ವಾರ ಅರೆಹೊಟ್ಟೆಯಲ್ಲಿಟ್ಟ ಇಲಿಗಳು ಹೊಟ್ಟೆತುಂಬ ತಿಂದವಕ್ಕಿಂತ ಹೆಚ್ಚು ಹುಡುಕಾಡುತ್ತವೆ ಎಂದು 2013ರಲ್ಲಿ ವರದಿ ಮಾಡಿತು. ಶಿಕ್ಷೆಯೆಂದು ಊಟ ತಡೆಯುವುದು, ಉಪವಾಸದಿಂದ ಶುದ್ಧಿ ಮಾಡಿಸುವುದು, ನೀರು ಸಾರಿನಲ್ಲಿ ದಿನ ತಳ್ಳುವುದು ಈ ಕಾರಣಕ್ಕೇ ನಿಲ್ಲಬೇಕು. ವಾರಕ್ಕೊಮ್ಮೆ ಪ್ರತಿಯೊಬ್ಬರ ತೂಕ ಬರೆದಿಡಿ ಎಂಬ ಒಂದು ಸಾಲು ನಿಯಮಕ್ಕೆ ಸೇರಿದರೆ ಅಡುಗೆಮನೆ ತಾನಾಗಿ ಸರಿಹೋಗುತ್ತದೆ. ದಾಖಲಾದಾಗ 52 ಕಿಲೋ ಇದ್ದವನು ಹೊರಡುವಾಗ 49 ಆಗಿದ್ದರೆ ತಪಾಸಕರಿಗೆ ಬೇರೆ ಸಾಕ್ಷಿ ಬೇಕಿಲ್ಲ.

ಜೊತೆಯಿರುವುದರ ಬಗ್ಗೆಯೂ ಒಂದು ಮಾತು. ಹೆರಾಯಿನ್ ಮತ್ತು ಇನ್ನೊಂದು ಇಲಿಯ ಸಂಗ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಬಿಟ್ಟಾಗ ಇಲಿಗಳು ಸಾಮಾನ್ಯವಾಗಿ ಸಂಗವನ್ನೇ ಆರಿಸಿದವು ಎಂದು ಮಾರ್ಕೊ ವೆನ್ನಿರೊ ಮತ್ತು ಜೊತೆಗಾರರು ಕಂಡರು. 2019ರ ಅವರ ಕೆಲಸದಲ್ಲಿ, ಹಾಗೆ ಸಂಗ ಆರಿಸಿಕೊಂಡು ಹೆರಾಯಿನ್‌ನಿಂದ ದೂರವಿದ್ದ ಇಲಿಗಳಲ್ಲಿ ಹಂಬಲ ಕಾವು ಪಡೆಯುವುದು ಕಡಿಮೆಯಾಯಿತು, ಗಂಡು ಹೆಣ್ಣು ಎರಡರಲ್ಲೂ. ಒಬ್ಬಂಟಿ ಕೋಣೆಗೆ ಹಾಕುವುದು, ಮೊದಲ ತಿಂಗಳು ಮನೆಯವರ ಫೋನೂ ಬೇಡ ಎನ್ನುವುದು ಯಾವ ಆಧಾರದ ಮೇಲೆ ಎಂದು ಕೇಂದ್ರಗಳನ್ನು ಕೇಳಿ.

ಇನ್ನು ಜೀವ ಹೋಗುವ ವಿಷಯ. ಬಿಟ್ಟಿರುವಷ್ಟು ದಿನವೂ ದೇಹದ ತಾಳಿಕೆ ಇಳಿಯುತ್ತಿರುತ್ತದೆ. ಹಿಂದೆ ದಿನವೂ ಹಾಕಿಕೊಳ್ಳುತ್ತಿದ್ದ ಅಳತೆಯೇ ಈಗ ಉಸಿರು ನಿಲ್ಲಿಸುತ್ತದೆ. ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಶೆಪರ್ಡ್ ಸೀಗಲ್ 1982ರಲ್ಲಿ ಇದಕ್ಕೆ ಜಾಗದ ಲೆಕ್ಕವನ್ನೂ ಸೇರಿಸಿದರು. ಒಂದು ತಿಂಗಳು ಒಂದೇ ಜಾಗದಲ್ಲಿ ಹೆರಾಯಿನ್ ಪಡೆದು ತಾಳಿಕೆ ಬೆಳೆಸಿಕೊಂಡ ಇಲಿಗಳಿಗೆ ಕಿಲೋಗೆ 15 ಮಿಲಿಗ್ರಾಂನ ದೊಡ್ಡ ಡೋಸ್ ಕೊಟ್ಟರು. ರೂಢಿಯ ಜಾಗದಲ್ಲೇ ಕೊಟ್ಟಾಗ ಸತ್ತದ್ದು ಶೇ 32ರಷ್ಟು. ಅದೇ ಡೋಸನ್ನು ಹೆರಾಯಿನ್ ಎಂದೂ ಸಿಗದಿದ್ದ ಜಾಗದಲ್ಲಿ ಕೊಟ್ಟಾಗ ಶೇ 64. ಮೊದಲು ಹೆರಾಯಿನ್ ಕಂಡೇ ಇರದ ಇಲಿಗಳಲ್ಲಿ ಶೇ 96. ರೂಢಿಯ ಜಾಗದ ಸುಳಿವು ಕಂಡೊಡನೆ ದೇಹ ಎದುರು ತಯಾರಿ ಮಾಡಿಕೊಳ್ಳುತ್ತದೆ, ಅಪರಿಚಿತ ಜಾಗದಲ್ಲಿ ಆ ತಯಾರಿ ಇರುವುದಿಲ್ಲ. ಕೇಂದ್ರದಿಂದ ಹೊರಬಂದವನು ಮನೆಯವರಿಗೆ ಗೊತ್ತಾಗದಿರಲೆಂದು ಲಾಡ್ಜಿನ ಬಾತ್‌ರೂಮಿನಲ್ಲೋ ನಿಂತ ಬಸ್ಸಿನ ಹಿಂದೆಯೋ ಹಳೆಯ ಅಳತೆ ಹಾಕಿಕೊಂಡರೆ ತಾಳಿಕೆಯೂ ಇಲ್ಲ, ತಯಾರಿಯೂ ಇಲ್ಲ, ಪಕ್ಕದಲ್ಲಿ ಜನವೂ ಇಲ್ಲ.

ಮನುಷ್ಯರ ಅಂಕಿಗಳು ಇದನ್ನೇ ಹೇಳುತ್ತವೆ. ಲಂಡನ್ನಿನಲ್ಲಿ ಆಸ್ಪತ್ರೆಗೆ ಸೇರಿ ಡಿಟಾಕ್ಸ್ ಮಾಡಿಸಿಕೊಂಡವರನ್ನು ಹಿಂಬಾಲಿಸಿದ 2003ರ ವರದಿಯಲ್ಲಿ, ನಾಲ್ಕು ತಿಂಗಳೊಳಗೆ ಓವರ್‌ಡೋಸ್‌ನಿಂದ ಸತ್ತ ಮೂವರೂ ಚಿಕಿತ್ಸೆಯನ್ನು 'ಯಶಸ್ವಿಯಾಗಿ ಮುಗಿಸಿದ' 37 ಜನರ ಗುಂಪಿನವರು. ಅರ್ಧಕ್ಕೆ ಬಿಟ್ಟು ಓಡಿದವರ ತಾಳಿಕೆ ಪೂರ್ತಿ ಇಳಿದಿರಲಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿನಿಂದ ಬಿಡುಗಡೆಯಾದ 30 ಸಾವಿರಕ್ಕೂ ಹೆಚ್ಚು ಮಂದಿಯ ಲೆಕ್ಕ 2007ರಲ್ಲಿ ಬಂತು: ಮೊದಲ ಎರಡು ವಾರದಲ್ಲಿ ಓವರ್‌ಡೋಸ್ ಸಾವಿನ ಸಾಧ್ಯತೆ ಉಳಿದ ಜನರಿಗಿಂತ 129 ಪಟ್ಟು. ನಮ್ಮ ಜೈಲುಗಳ ಬಿಡುಗಡೆ ಕೌಂಟರಿಗೂ ಈ ಸಂಖ್ಯೆ ತಲುಪಬೇಕು.

ಹಾಗಾದರೆ ಏನು ಕೊಡಬೇಕು? ಉತ್ತರ ಹೊಸದಲ್ಲ. ಬುಪ್ರಿನಾರ್ಫಿನ್ ಮ್ಯೂ ಗ್ರಾಹಕವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಅರ್ಧ ಮಾತ್ರ ಎಬ್ಬಿಸುತ್ತದೆ, ನಿಧಾನವಾಗಿ ಬಿಡುತ್ತದೆ. ಅದು ಕೂತಿರುವಾಗ ಮೇಲಿಂದ ಬಂದ ಹೆರಾಯಿನ್‌ಗೆ ಜಾಗವಿಲ್ಲ, ಉಸಿರು ಕುಗ್ಗಿಸುವುದಕ್ಕೂ ಒಂದು ಮಿತಿಯಿದೆ. 2003ರಲ್ಲಿ ಪ್ರಕಟವಾದ ಸ್ವೀಡನ್ನಿನ ಪ್ರಯೋಗವನ್ನು ನಿಯಮ ಬರೆಯುವ ಪ್ರತಿಯೊಬ್ಬರೂ ತಿಳಿದಿರಬೇಕು. ಹೆರಾಯಿನ್ ವ್ಯಸನಿಗಳು 40 ಮಂದಿ, ಎಲ್ಲರಿಗೂ ಒಂದೇ ಗುಣಮಟ್ಟದ ಆಪ್ತಸಮಾಲೋಚನೆ. 20 ಮಂದಿಗೆ ವರ್ಷವಿಡೀ ದಿನಕ್ಕೆ 16 ಮಿಲಿಗ್ರಾಂ ಬುಪ್ರಿನಾರ್ಫಿನ್. ಉಳಿದ 20 ಮಂದಿಗೆ ಆರು ದಿನ ಇಳಿಸುತ್ತ ಕೊಟ್ಟು, ಆಮೇಲೆ ಔಷಧವಿಲ್ಲದ ಹುಸಿ ಮಾತ್ರೆ. ವರ್ಷದ ಕೊನೆಗೆ ಮೊದಲ ಗುಂಪಿನ ಶೇ 75 ಜನ ಚಿಕಿತ್ಸೆಯಲ್ಲಿದ್ದರು. ಎರಡನೆಯದರಲ್ಲಿ ಒಬ್ಬರೂ ಉಳಿದಿರಲಿಲ್ಲ, ನಾಲ್ವರು ಸತ್ತಿದ್ದರು. ನಾವು ನಡೆಸುತ್ತಿರುವ ಬಹುಪಾಲು ಕಾರ್ಯಕ್ರಮ ಆ ಎರಡನೇ ಗುಂಪಿನದು, ಅದೂ ಅಷ್ಟು ಒಳ್ಳೆಯ ಸಮಾಲೋಚನೆ ಇಲ್ಲದೆ.

ನಾಲಿಗೆಯಡಿ ಇಡುವ ಬುಪ್ರಿನಾರ್ಫಿನ್-ನಲೋಕ್ಸೋನ್ (ಎರಡನೆಯದು ಒಪಿಯಾಯ್ಡ್ ಪ್ರಭಾವ ತಡೆಯುವ ಮದ್ದು) ಮಾತ್ರೆ ಭಾರತದಲ್ಲಿ ಸಿಗುತ್ತದೆ, 2 ಮಿಲಿಗ್ರಾಂಗೆ 0.5ರ ಅನುಪಾತದಲ್ಲಿ. ಕೆಡುವುದು ಶುರುಮಾಡುವ ಹೊತ್ತಿನಲ್ಲಿ. ಗ್ರಾಹಕದಲ್ಲಿ ಇನ್ನೂ ಹೆರಾಯಿನ್ ಕೂತಿರುವಾಗ ಕೊಟ್ಟರೆ ಅದನ್ನು ತಳ್ಳಿ ತಾನು ಅರ್ಧ ಕೆಲಸಕ್ಕೆ ಕೂತು, ಅರ್ಧ ಗಂಟೆಯೊಳಗೆ ಭೀಕರ ವಿಥ್‌ಡ್ರಾಯಲ್ ತರುತ್ತದೆ. ರೋಗಿ ಮತ್ತೆ ಆ ಮಾತ್ರೆಯ ಹತ್ತಿರ ಸುಳಿಯುವುದಿಲ್ಲ, ಡಾಕ್ಟರು 'ಈ ಔಷಧ ಇವನಿಗೆ ಒಗ್ಗಲಿಲ್ಲ' ಎಂದು ಬರೆಯುತ್ತಾರೆ. ಕೊನೆಯ ಹೆರಾಯಿನ್‌ನಿಂದ ಕನಿಷ್ಠ 12 ಗಂಟೆ, ಮೆಥಡೋನ್‌ನಂಥ ದೀರ್ಘಾವಧಿಯ ಒಪಿಯಾಯ್ಡ್ ಆದರೆ 24ರಿಂದ 48 ಗಂಟೆ ಅಥವಾ ಹೆಚ್ಚು ಕಾಯಬೇಕು. ಗಡಿಯಾರಕ್ಕಿಂತ ಮೈ ನೋಡುವುದು ಮುಖ್ಯ: ಆಕಳಿಕೆ, ಹಿಗ್ಗಿದ ಕಣ್ಣುಪಾಪೆ, ರೋಮಾಂಚ, ಸುರಿಯುವ ಮೂಗು ಕಾಣಿಸಬೇಕು. ಮೊದಲು 2ರಿಂದ 4 ಮಿಲಿಗ್ರಾಂ ಕೊಟ್ಟು, ಒಂದೆರಡು ಗಂಟೆ ಕೂರಿಸಿ ನೋಡಿ, ಬೇಕಾದಂತೆ ಏರಿಸುವುದು. ಬಹಳ ಮಂದಿ 8ರಿಂದ 16ರ ನಡುವೆ ನೆಲೆಗೊಳ್ಳುತ್ತಾರೆ. ಮಾತ್ರೆ ಕರಗಲು ಐದು ಹತ್ತು ನಿಮಿಷ ಬೇಕು. ನುಂಗಿದರೆ ಹೆಚ್ಚಿನಂಶ ಯಕೃತ್ತಿನಲ್ಲೇ ಕಳೆದುಹೋಗುತ್ತದೆ, ಎಂಜಲೊಂದಿಗೆ ಉಗುಳಿದರೂ ಅಷ್ಟೇ. 4 ಮಿಲಿಗ್ರಾಂಗೆ ನಿಲ್ಲಿಸಿ 'ಕೆಲಸ ಮಾಡಲಿಲ್ಲ' ಎನ್ನುವುದು ನಮ್ಮಲ್ಲಿ ಸಾಮಾನ್ಯ ತಪ್ಪು.

ಈ ಬಗೆಯ ಔಷಧ ಎಲ್ಲ ಕಿಡಿಯನ್ನೂ ಆರಿಸುವುದಿಲ್ಲ ಎಂಬುದನ್ನೂ ಇಲಿಗಳೇ ಹೇಳಿವೆ. ಮಾಂಟ್ರಿಯಲ್‌ನ 2004ರ ಕೆಲಸದಲ್ಲಿ ಮೆಥಡೋನ್ ಮೇಲಿದ್ದ ಇಲಿಗಳಲ್ಲಿ ಹೆರಾಯಿನ್ ರುಚಿ ತೋರಿಸಿ ತರಿಸುವ ಮರುಕಳಿಕೆ ಇಳಿಯಿತು, ಒತ್ತಡದಿಂದ ಬರುವುದು ಇಳಿಯಲಿಲ್ಲ. ಮಾತ್ರೆ ಕೊಟ್ಟು ಕೈತೊಳೆದುಕೊಳ್ಳುವ ಕ್ಲಿನಿಕ್ಕಿಗೂ, ಮಾತ್ರೆ ಕೊಡದೆ ಬರೀ ಮಾತಾಡುವ ಕೇಂದ್ರಕ್ಕೂ ಇದು ಉತ್ತರ. 'ಒಂದು ಚಟ ಬಿಡಿಸಿ ಇನ್ನೊಂದು ಹತ್ತಿಸುತ್ತಾರೆ' ಎಂಬ ಆಕ್ಷೇಪಕ್ಕೆ ಇಲ್ಲಿ ಹೆಚ್ಚು ಜಾಗ ಕೊಡುವುದಿಲ್ಲ. ಸ್ವೀಡನ್ನಿನ ನಾಲ್ವರ ಲೆಕ್ಕ ಮೇಲಿದೆ.

ಒಪಿಯಾಯ್ಡ್ ಗ್ರಾಹಕವನ್ನು ಎಬ್ಬಿಸದೆ ಮುಚ್ಚುವ ನಾಲ್ಟ್ರೆಕ್ಸೋನ್‌ನ 50 ಮಿಲಿಗ್ರಾಂ ಮಾತ್ರೆ ಕೆಲವರಿಗೆ ಹೊಂದುತ್ತದೆ. ಅದಕ್ಕೆ ಮೊದಲು 7ರಿಂದ 10 ದಿನ ಯಾವ ಒಪಿಯಾಯ್ಡೂ ಇರಬಾರದು. ಮಾತ್ರೆ ನಿಲ್ಲಿಸಿದ ದಿನದಿಂದ ತಾಳಿಕೆಯಿಲ್ಲದ ಮೈಯೇ ಉಳಿಯುತ್ತದೆ ಎಂಬುದನ್ನು ಮನೆಯವರಿಗೆ ಬಾಯಿಬಿಟ್ಟು ಹೇಳಬೇಕು. ಹಾಗೆಯೇ ಮೂತ್ರ ಪರೀಕ್ಷೆಯ ಬಗ್ಗೆ: ಮಾರ್ಫಿನ್ ಗುರುತಿಸುವ ಅಗ್ಗದ ಪಟ್ಟಿ ಟ್ಯಾಪೆಂಟಡಾಲ್, ಟ್ರಮಡಾಲ್‌ಗಳನ್ನು ಹಿಡಿಯುವುದಿಲ್ಲ. ಅವುಗಳನ್ನೇ ಬಳಸುವವನಿಗೆ ಅದರಲ್ಲಿ ಪ್ರತಿ ವಾರವೂ 'ನೆಗೆಟಿವ್' ಬರುತ್ತದೆ.

ಇಲಿಗಳಿಂದ ಕಲಿಯಲಾಗದ್ದೂ ಇದೆ. ಹಳೆಯ ಪ್ರಯೋಗಗಳಲ್ಲಿ ಹೆಚ್ಚಿನವು ಗಂಡು ಇಲಿಗಳ ಮೇಲೆ ನಡೆದವು. ಯಾವ ಇಲಿಗೂ ಸಾಲವಿಲ್ಲ, ಪೊಲೀಸ್ ಕೇಸಿಲ್ಲ, ಮದುವೆ ಮುರಿದಿಲ್ಲ. ಲಿವರ್ ಒತ್ತಿ ಒತ್ತಿ ಸೋತು ನಿಲ್ಲಿಸುವುದು ಮನುಷ್ಯರು ಬಿಡುವ ರೀತಿಯೂ ಅಲ್ಲ. ಆದರೂ ಜಾಗ, ಒತ್ತಡ, ತಾಳಿಕೆ ಈ ಮೂರರಲ್ಲಿ ಪ್ರಾಣಿಯೂ ಮನುಷ್ಯನೂ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತಿರುವಾಗ, ಇನ್ನಷ್ಟು ಸಂಶೋಧನೆ ಬೇಕು ಎಂದು ಫೈಲು ಬದಿಗಿಡುವುದು ಸರಿಯಲ್ಲ. ಕೇಂದ್ರ ಸರ್ಕಾರದ 2019ರ ಸಮೀಕ್ಷೆಯ ಪ್ರಕಾರ ಒಪಿಯಾಯ್ಡ್‌ನಿಂದ ತೊಂದರೆಗೀಡಾಗಿ ನೆರವು ಬೇಕಾದವರು ದೇಶದಲ್ಲಿ ಸುಮಾರು 77 ಲಕ್ಷ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ, ತಾಲ್ಲೂಕು ಮಟ್ಟದ ವೈದ್ಯರಿಗೆ ಬುಪ್ರಿನಾರ್ಫಿನ್ ಶುರುಮಾಡುವುದನ್ನು ಕಲಿಸಲು ಬೇಕಾದ ಜನ ಈ ರಾಜ್ಯದಲ್ಲೇ ಇದ್ದಾರೆ.

ಆದ್ದರಿಂದ ಒಪಿಯಾಯ್ಡ್ ರೋಗಿಗಳನ್ನು ಸೇರಿಸಿಕೊಳ್ಳುವ ಯಾವುದೇ ಕೇಂದ್ರಕ್ಕೆ, ಬುಪ್ರಿನಾರ್ಫಿನ್ ಸ್ವತಃ ಕೊಡುವ ಅಥವಾ ಕೊಡುವ ಆಸ್ಪತ್ರೆಯೊಂದಿಗೆ ಬರಹದ ಒಪ್ಪಂದವಿರುವ ವ್ಯವಸ್ಥೆ ಇಲ್ಲದಿದ್ದರೆ ನೋಂದಣಿ ನವೀಕರಿಸಬೇಡಿ. ಯಶಸ್ಸಿನ ಕಾಲಂನಲ್ಲಿ ಒಳಗಿದ್ದ ದಿನಗಳ ಬದಲು, ಹೊರಹೋದ 90ನೇ ದಿನ ಎಷ್ಟು ಜನ ಬದುಕಿದ್ದಾರೆ, ಎಷ್ಟು ಜನ ಚಿಕಿತ್ಸೆಯಲ್ಲಿದ್ದಾರೆ ಎಂದು ಬರೆಸಿ. ಔಷಧ ಬೇಡವೆಂದು ಬರೆದುಕೊಟ್ಟವರಿಗೂ, ತಾಳಿಕೆ ಇಳಿದಿದೆ, ಹಳೆಯ ಅಳತೆ ಈಗ ವಿಷ ಎಂಬ ಮಾತನ್ನು ಹೊರಡುವ ದಿನ ಅವರ ಎದುರಲ್ಲೇ ಮನೆಯವರಿಗೆ ಹೇಳಿ ಸಹಿ ಪಡೆಯುವುದು ಕಡ್ಡಾಯವಾಗಲಿ.

ಆ ದಿನ ಮನೆಯವರ ಕೈಗೆ, ಓವರ್‌ಡೋಸ್ ಆದಾಗ ಉಸಿರು ಮರಳಿಸುವ ನಲೋಕ್ಸೋನ್ ಕೊಡಲು ಅವಕಾಶ ಮಾಡಿಕೊಡಿ. 1 ಮಿಲಿಲೀಟರಿಗೆ 0.4 ಮಿಲಿಗ್ರಾಂ ಇರುವ ಆಂಪೂಲ್ ಎರಡು, ಸಿರಿಂಜ್ ಎರಡು, ಕನ್ನಡದಲ್ಲಿ ಅಚ್ಚಾದ ಒಂದು ಚೀಟಿ. ಚೀಟಿಯಲ್ಲಿ ಇಷ್ಟು ಸಾಕು: ಕರೆದರೆ ಓಗೊಡದೆ, ತುಟಿ ನೀಲಿಯಾಗಿ, ಉಸಿರು ಗೊರಕೆಯಂತೆ ಎಳೆಯುತ್ತಿದ್ದರೆ 108ಕ್ಕೆ ಕರೆ ಮಾಡಿ. ತಲೆ ಹಿಂದಕ್ಕೆ ಬಾಗಿಸಿ ಬಾಯಿಂದ ಬಾಯಿಗೆ ಉಸಿರು ಕೊಡಿ. ಒಂದು ಆಂಪೂಲ್ ತೊಡೆಯ ಹೊರಬದಿಯ ಸ್ನಾಯುವಿಗೆ ಚುಚ್ಚಿ, ಬಟ್ಟೆಯ ಮೇಲಿಂದಾದರೂ ಸರಿ. ಎರಡು ಮೂರು ನಿಮಿಷದಲ್ಲಿ ಉಸಿರು ಬಾರದಿದ್ದರೆ ಎರಡನೆಯದು. ಎಚ್ಚರವಾದಮೇಲೂ ಒಬ್ಬರನ್ನೇ ಬಿಡಬೇಡಿ, ಏಕೆಂದರೆ ನಲೋಕ್ಸೋನ್‌ನ ಪ್ರಭಾವ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯಲ್ಲಿ ಇಳಿಯುತ್ತದೆ, ಒಳಗಿರುವ ಒಪಿಯಾಯ್ಡ್ ಅದಕ್ಕಿಂತ ಹೆಚ್ಚು ಹೊತ್ತು ಉಳಿಯಬಹುದು.

ಇಂತಿ,
ವ್ಯಸನ ಚಿಕಿತ್ಸೆ ಮತ್ತು ನರವಿಜ್ಞಾನ ಕ್ಷೇತ್ರಗಳಲ್ಲಿ ಕೆಲಸ ಮಾಡುವ ಕೆಲವರು